ಸಾಫ್ಟ್ ಶ್ಯಾಕಲ್, ಸ್ನ್ಯಾಚ್ ರಿಂಗ್: ತೋಟದ ಥಾರ್‌ಗೆ ಯಾವುದು ಕೊಳ್ಳಲಿ?

ಹಳ್ಳದ ಬದಿ ಥಾರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮದು ಕಾಫಿ ತೋಟ. ಮನೆಯಿಂದ ಹಳ್ಳದ ಬದಿಗೆ ಇಳಿಯುವ ದಾರಿ ಆರಿದ್ರಾ ಮಳೆ ಹಿಡಿದ ಮೇಲೆ ದಾರಿಯಾಗಿ ಉಳಿಯುವುದಿಲ್ಲ. ಡೀಸೆಲ್ ಥಾರ್ ಇದೆ, ಫೋರ್ ವೀಲ್ ಡ್ರೈವ್. ಮುಂದೆ 9,500 ಪೌಂಡಿನ ವಿಂಚ್ (ಡ್ರಮ್ಮಿಗೆ ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ), ಅದಕ್ಕೆ ಸಿಂಥೆಟಿಕ್ ಹಗ್ಗ. ನನ್ನ ಗಾಡಿ ಹೂತರೆ ಅದನ್ನು ಮೇಲೆತ್ತಬೇಕು. ಗೊಬ್ಬರ ಹೇರಿಕೊಂಡು ಬಂದ ಪಿಕಪ್ ಹೂತರೆ ಅದನ್ನೂ ನಾನೇ ಎಳೆಯಬೇಕು.

ಈಗ ಕೈಯಲ್ಲಿರುವುದು ಉಕ್ಕಿನ ಎರಡು ಬೋ ಶ್ಯಾಕಲ್, ಅಂದರೆ ಪಿನ್ ಹಾಕಿ ಮುಚ್ಚುವ ಬಿಲ್ಲಿನಾಕಾರದ ಕೊಂಡಿ. ಮೈಮೇಲೆ 4.75 ಟನ್ ಎಂದು ಅಚ್ಚಾಗಿದೆ. ಆನ್‌ಲೈನ್‌ನಲ್ಲಿ ಅದೇ ಕೆಲಸಕ್ಕೆ ಹಗ್ಗದಲ್ಲಿ ಹೆಣೆದ 10 ಮಿ.ಮೀ. ದಪ್ಪದ ಸಾಫ್ಟ್ ಶ್ಯಾಕಲ್ ನೋಡಿದೆ, ಅದಕ್ಕೆ 15 ಟನ್ ಎಂದು ಬರೆದಿದ್ದಾರೆ. ಹಗ್ಗದ ಕುಣಿಕೆ ಉಕ್ಕಿಗಿಂತ ಮೂರು ಪಟ್ಟು ಗಟ್ಟಿ ಎಂದರೆ ನಂಬಬಹುದೇ?

ಜತೆಗೆ ರಾಟೆಯ ವಿಚಾರ. ಹಳೆಯ ಮಾದರಿಯ, ಪಕ್ಕದ ತಟ್ಟೆ ತೆರೆದು ಹಗ್ಗ ಕೂರಿಸುವ ಸ್ನ್ಯಾಚ್ ಬ್ಲಾಕ್ ಒಳ್ಳೆಯದೋ, ಈಗ ಎಲ್ಲರೂ ತೋರಿಸುತ್ತಿರುವ, ಸುತ್ತ ಹಗ್ಗ ಕೂರುವ ತೋಡು ಮತ್ತು ನಡುವೆ ಶ್ಯಾಕಲ್ ಹಾಕುವ ತೂತು ಇರುವ ಅಲ್ಯೂಮಿನಿಯಂ ರಿಂಗ್ ಒಳ್ಳೆಯದೋ? ಇನ್ನೊಂದು ತೊಡಕು: ಆ ದಾರಿಯ ಎರಡೂ ಬದಿಗೆ ಇರುವುದು ಬರೀ ಸಿಲ್ವರ್ ಓಕ್, ಮರಮರಕ್ಕೂ ಮೆಣಸಿನ ಬಳ್ಳಿ. ಹಗ್ಗ ಕಟ್ಟುವುದಾದರೂ ಎಲ್ಲಿಗೆ?

ಸಕಲೇಶಪುರ ಜಿಮ್ನಿ

ಕಣ್ಣು ಮುಚ್ಚಿಕೊಂಡು ಸಾಫ್ಟ್ ಶ್ಯಾಕಲ್ ಕೊಳ್ಳಿ. ಅಂಗೈಯಲ್ಲಿ ಹಿಡಿಯುವಷ್ಟು ಹಗುರ, ತುಕ್ಕಿಲ್ಲ, ನೀರಿಗೆ ಬಿದ್ದರೆ ತೇಲುತ್ತದೆ, ಗಾಡಿಯೊಳಗೆ ಗಡಗಡ ಸದ್ದಿಲ್ಲ. ಕೆಸರು ಹಿಡಿದು ಪಿನ್ ಬಿಗಿದುಕೊಂಡಿತೆಂದು ಸ್ಪ್ಯಾನರ್ ಹುಡುಕುವ ಕಷ್ಟವೂ ಇಲ್ಲ. ಉಕ್ಕಿನದನ್ನು ನಾನು ಮನೆಯ ಗೇಟಿನ ಸರಪಳಿಗೆ ಹಾಕಿದ್ದೇನೆ. ಅದಕ್ಕೆ ಅದೇ ಸರಿಯಾದ ಜಾಗ!

ರಿಗ್ಗರ್, ಮಂಗಳೂರು

ಮೇಲಿನವರ ಮಾತನ್ನು ದಯವಿಟ್ಟು ಕಣ್ಣು ತೆರೆದುಕೊಂಡು ಓದಿ. ಹೇಳಿದ ಗುಣಗಳೆಲ್ಲ ನಿಜ, ಆದರೆ ನೀವು ಕೇಳಿದ್ದು ಟನ್ನಿನ ಲೆಕ್ಕ. ಹೊಟ್ಟೆಪಾಡಿಗೆ ಬಂದರಿನಲ್ಲಿ ಕ್ರೇನಿನ ಕೊಕ್ಕೆಯ ಕೆಳಗೆ ಶ್ಯಾಕಲ್ ಕಟ್ಟಿಕೊಂಡೇ ಬದುಕಿದವನು ನಾನು. ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಮಾರುವುದನ್ನು ಕಂಡರೆ ಮೈ ಉರಿಯುತ್ತದೆ.

ನಿಮ್ಮ ಉಕ್ಕಿನ ಶ್ಯಾಕಲ್ ಮೇಲಿನ 4.75 ಟನ್ ಎನ್ನುವುದು ಅದರ ಮೇಲೆ ದಿನವೂ ಹಾಕಬಹುದಾದ ಹೊರೆ. ಒಳ್ಳೆಯ ತಯಾರಕರ ಬೋ ಶ್ಯಾಕಲ್ ಮುರಿಯಲು ಸಾಮಾನ್ಯವಾಗಿ ಅದರ ಆರು ಪಟ್ಟು ಬೇಕು, ಅಂದರೆ 28.5 ಟನ್. ಸಾಫ್ಟ್ ಶ್ಯಾಕಲ್ ಮೇಲಿನ 15 ಟನ್ ಅದು ಹರಿದುಹೋಗುವ ಹೊರೆ. ಒಂದೇ ತಕ್ಕಡಿಯಲ್ಲಿ ತೂಗಿದರೆ ಹಗ್ಗದ್ದು ಉಕ್ಕಿನ ಅರ್ಧಕ್ಕೆ ಬರುತ್ತದೆ, ಮೂರು ಪಟ್ಟಲ್ಲ. ಅದೂ ನುಣುಪಾದ ದಪ್ಪ ಪಿನ್ನುಗಳ ನಡುವೆ ನೇರವಾಗಿ ಎಳೆದಾಗ ಬಂದ ಅಂಕಿ. ಚೂಪು ಅಂಚಿನ ಮೇಲೆ ಮಡಚಿ ಎಳೆದರೆ ಆ ಅಂಕಿಯನ್ನು ಮರೆತುಬಿಡಿ.

ಹಾಗೆಂದು ಕೊಳ್ಳಬೇಡಿ ಎನ್ನುತ್ತಿಲ್ಲ. 9,500 ಪೌಂಡ್ ಎಂದರೆ ಸುಮಾರು 4.3 ಟನ್. ಹಗ್ಗ ನೇರವಾಗಿ ಮರಕ್ಕೆ ಹೋದರೆ 15 ಟನ್ನಿನ ಶ್ಯಾಕಲ್ ಮೇಲೆ ಬೀಳುವುದು ಹೆಚ್ಚೆಂದರೆ ಅಷ್ಟೇ. ಮೂರು ಪಟ್ಟಿಗೂ ಮೀರಿದ ಅಂತರವಿದೆ, ಸಾಕು. ಲೆಕ್ಕ ಕೆಡುವುದು ರಾಟೆ ಬಂದಾಗ. ಮರಕ್ಕೆ ರಾಟೆ ಕಟ್ಟಿ, ಹಗ್ಗವನ್ನು ಅದರ ಸುತ್ತ ತಂದು ಮತ್ತೆ ನಿಮ್ಮ ಗಾಡಿಗೇ ಸಿಕ್ಕಿಸಿದಾಗ ಗಾಡಿಗೆ ಎರಡು ಪಟ್ಟು ಎಳೆತ ಸಿಗುತ್ತದೆ. ಆ ಎರಡು ಪಟ್ಟನ್ನು ಕೊಡುವವರು ಯಾರು? ರಾಟೆಯ ಬುಡದ ಶ್ಯಾಕಲ್, ಮರಕ್ಕೆ ಸುತ್ತಿದ ಪಟ್ಟಿ ಮತ್ತು ಮರ. 4.3ರ ಎರಡು ಪಟ್ಟು 8.6 ಟನ್. ಈಗ ನಿಮ್ಮ 15 ಟನ್ನಿಗೆ ಎರಡು ಪಟ್ಟಿನ ಅಂತರವೂ ಉಳಿಯಲಿಲ್ಲ. 4.75ರ ಉಕ್ಕಿನದೂ ತನ್ನ ಮಿತಿ ದಾಟಿತು. ಆದ್ದರಿಂದ ಎರಡು ಕೊಳ್ಳಿ: ಗಾಡಿಯ ತುದಿಗೆ 10 ಮಿ.ಮೀ., ರಾಟೆಯ ಬುಡಕ್ಕೆ 12 ಅಥವಾ 13 ಮಿ.ಮೀ. ದಪ್ಪದ್ದು ಇರಲಿ. ಬೇರೆ ಬೇರೆ ಬಣ್ಣದ್ದು ತೆಗೆದುಕೊಂಡರೆ ಮಳೆಯಲ್ಲಿ ಅದಲುಬದಲಾಗುವುದಿಲ್ಲ. 10 ಮಿ.ಮೀ.ಗೆ ಇಪ್ಪತ್ತು ಟನ್ನಿಗೂ ಮೇಲೆ ಬರೆದುಕೊಂಡಿದ್ದರೆ ಆ ಅಂಗಡಿಯ ಪುಟ ಮುಚ್ಚಿ.

ಹಗ್ಗ ಹಿಂದಿರುಗದೆ ಬರೀ ದಿಕ್ಕು ಬದಲಿಸಿದರೆ, ಅಂದರೆ ಪಿಕಪ್ ಒಂದು ಕಡೆ, ನೀವು ಇನ್ನೊಂದು ಕಡೆ, ಮರ ಮೂಲೆಯಲ್ಲಿ ಇದ್ದರೆ, ಎಳೆತ ಒಂದಿಷ್ಟೂ ಹೆಚ್ಚುವುದಿಲ್ಲ. ಮರಕ್ಕೆ ಮಾತ್ರ ಹೊರೆ ತಪ್ಪುವುದಿಲ್ಲ. ಹಗ್ಗದ ಎರಡು ಭಾಗಗಳ ನಡುವಿನ ಕೋನ 90 ಡಿಗ್ರಿಯಾದರೆ ಎಳೆತದ 1.4 ಪಟ್ಟು, 120 ಆದರೆ ಎಳೆತದಷ್ಟೇ. ಕೋನ ಕಿರಿದಾದಷ್ಟೂ ಎರಡು ಪಟ್ಟಿನ ಕಡೆಗೆ ಏರುತ್ತದೆ.

ರಿಂಗೋ ಬ್ಲಾಕೋ? ನಿಮ್ಮದು ಸಿಂಥೆಟಿಕ್ ಹಗ್ಗವಾದ್ದರಿಂದ ರಿಂಗ್ ನಡೆಯುತ್ತದೆ. ಉಕ್ಕಿನ ತಂತಿ ಹಗ್ಗದವರು ಅದರ ಗೋಜಿಗೆ ಹೋಗಬಾರದು. ತಂತಿ ಅಲ್ಯೂಮಿನಿಯಂ ತೋಡನ್ನು ಕೆರೆದು ಗೀರು ಮಾಡುತ್ತದೆ, ಮುಂದೆ ಆ ಗೀರೇ ಹಗ್ಗವನ್ನು ಕಡಿಯುತ್ತದೆ. ಬ್ಲಾಕಿನ ತೂಕ ನಾಲ್ಕೈದು ಕಿಲೋ. ಪಟ್ಟಿ ಹರಿದರೆ ಅದು ಎತ್ತ ಹಾರುತ್ತದೆಂದು ಯೋಚಿಸಿದವರಿಗೆ ರಿಂಗ್ ಏಕೆ ಹುಟ್ಟಿತೆಂದು ತಿಳಿಯುತ್ತದೆ. ಆದರೆ ರಿಂಗಿಗೆ ಬೇರಿಂಗ್ ಇಲ್ಲ, ಶ್ಯಾಕಲ್ ಮೇಲೆಯೇ ಉಜ್ಜಿಕೊಂಡು ತಿರುಗುತ್ತದೆ. ಹಾಗಾಗಿ ಪೂರ್ತಿ ಎರಡು ಪಟ್ಟು ಕೈಗೆ ಬರುವುದಿಲ್ಲ. ರಕ್ಷಣೆಗೆ ಮೇಲೊಂದು ಕವಚವಿರುವ ಶ್ಯಾಕಲ್ ಅನ್ನೇ ಅಲ್ಲಿ ಬಳಸಿ.

ರಿಂಗಿನ ನಿಜವಾದ ಅಪಾಯ ಹಗ್ಗ ಸಡಿಲವಾದಾಗ. ಹಗ್ಗ ರಿಂಗಿನ ತೋಡಿನಿಂದ ಜಾರಿ ಶ್ಯಾಕಲ್ ಮೇಲೆ ಕೂತರೆ ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಳೆಯತೊಡಗಿದರೆ ಹಗ್ಗದ ಮೇಲೆ ಹಗ್ಗ ಓಡುತ್ತದೆ. ಈ ನೂಲು ಪಾಲಿಎಥಿಲೀನ್, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಶಕ್ತಿ ಕುಂದುವುದು ಅದಕ್ಕೂ ಬಹಳ ಮೊದಲು. ಒಂದೇ ಜಾಗದಲ್ಲಿ ಉಜ್ಜಿದರೆ ಆ ಬಿಸಿಗೆ ಹೆಚ್ಚು ಹೊತ್ತು ಬೇಡ. ಆದ್ದರಿಂದ ಮೊದಲು ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ, ವಿಂಚ್ ನಿಲ್ಲಿಸಿ, ನಡೆದುಹೋಗಿ ರಿಂಗಿನ ತೋಡಿನಲ್ಲಿ ಹಗ್ಗ ಕೂತಿದೆಯೇ ನೋಡಿ, ಆಮೇಲೆ ಎಳೆಯಿರಿ. ರಬ್ಬರಿನಂತೆ ಹಿಗ್ಗುವ ಕೈನೆಟಿಕ್ ಹಗ್ಗ ಕಟ್ಟಿ ಓಡಿಬಂದು ಜಗ್ಗುವ ಆಟಕ್ಕೆ ರಾಟೆಯನ್ನು ಎಂದೂ ಸೇರಿಸಬೇಡಿ.

ರಾಟೆಯಿಂದ ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ವಿಂಚಿನ ಮೇಲೆ ಬರೆದ ಶಕ್ತಿ ಡ್ರಮ್ಮಿನ ಮೊದಲ ಸುತ್ತಿನ ಪದರದ್ದು. ಹಗ್ಗ ಪದರ ಪದರವಾಗಿ ದಪ್ಪಗೆ ಸುತ್ತಿಕೊಂಡಿದ್ದಾಗ ಎಳೆತ ಕಡಿಮೆ. ಹಗ್ಗವನ್ನು ಜೋಡಿ ಮಾಡಿದಾಗ ಡ್ರಮ್ ಖಾಲಿಯಾಗಿ ಒಳಪದರ ಸಿಗುತ್ತದೆ, ಮೋಟಾರಿನ ಮೇಲಿನ ಹೊರೆಯೂ ಇಳಿಯುತ್ತದೆ. ಪೂರ್ಣ ಹೊರೆಗೆ ನಾನ್ನೂರು ಆಂಪಿಯರ್‌ವರೆಗೆ ಕುಡಿಯುವ ಯಂತ್ರ ಅದು. ನಿಧಾನವಾದರೂ ಬ್ಯಾಟರಿ ಬದುಕುತ್ತದೆ.

ಸೋಮವಾರಪೇಟೆ ಪ್ಲಾಂಟರ್

ಶ್ಯಾಕಲ್ ಲೆಕ್ಕ ಒಪ್ಪಿದೆ. ಆದರೆ 8.6 ಟನ್ನನ್ನು ಸಿಲ್ವರ್ ಓಕ್‌ಗೆ ಹಾಕುವುದೇ? ಗಾಳಿಗೇ ಬುಡಮೇಲಾಗುವ ಮರ ಅದು, ಅದರಲ್ಲೂ ನೆಲ ನೆಂದು ಗಂಜಿಯಾದಾಗ. ಅಗಲ ಪಟ್ಟಿ ಹಾಕಿದರೂ ಬಳ್ಳಿ ಜಜ್ಜಿಹೋಗುತ್ತದೆ. ಫಸಲು ಕೊಡುವ ಬಳ್ಳಿ ಮತ್ತೆ ಎದ್ದು ನಿಲ್ಲಲು ವರ್ಷಗಳು ಬೇಕು. ಪಿಕಪ್ ಚಾಲಕ ಅದರ ಬೆಲೆ ಕೊಡುವುದಿಲ್ಲ. ಹಲಸು, ನೇರಳೆ, ಅತ್ತಿಯಂಥ ಹಳೆಯ ನೆರಳಿನ ಮರ ಸ್ವಲ್ಪ ದೂರದಲ್ಲಿದ್ದರೂ ಅದನ್ನೇ ಹುಡುಕಿ, ಪಟ್ಟಿಯನ್ನು ನೆಲಕ್ಕೆ ಆದಷ್ಟು ಹತ್ತಿರ ಹಾಕಿ.

ನಿಮ್ಮ ಗಾಡಿ ಹೂಳುವುದು ಪ್ರತಿ ಮಳೆಗಾಲ ಅದೇ ಜಾಗದಲ್ಲಿ ತಾನೇ? ಹಾಗಿದ್ದರೆ ಬೇಸಿಗೆಯಲ್ಲೇ ಇಬ್ಬರು ಆಳುಗಳನ್ನು ಹಚ್ಚಿ. ಏರಿನ ಮೇಲೆ ಎಳೆತಕ್ಕೆ ಅಡ್ಡವಾಗಿ ಸೊಂಟದುದ್ದ ಆಳದ ಗುಂಡಿ ತೋಡಿಸಿ. ದಪ್ಪನೆಯ ಗಟ್ಟಿ ಮರದ ತುಂಡಿಗೆ ನಡುವೆ ಸರಪಳಿ ಸುತ್ತಿ, ಅಡ್ಡಲಾಗಿ ಮಲಗಿಸಿ ಹೂಳಿಸಿ. ಸರಪಳಿ ಹೊರಬರಲು ಗಾಡಿಯ ಕಡೆಗೆ ಓರೆಯಾದ ಸೀಳು ತೋಡಿದರೆ ಎಳೆದಾಗ ತುಂಡು ಮೇಲೇಳುವುದಿಲ್ಲ. ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿಸಿ. ನಮ್ಮ ತೋಟದಲ್ಲಿ ಹೀಗೆಯೇ ಮಾಡಿದ್ದೇವೆ. ಮರಕ್ಕೂ ಬಳ್ಳಿಗೂ ಕೈ ಹಚ್ಚುವ ಪ್ರಮೇಯ ಬಂದಿಲ್ಲ.

ಹಳ್ಳದ ಬದಿ ಥಾರ್

ಹಳ್ಳದ ಏರಿನಲ್ಲಿ ಗುಂಡಿಗೆ ಜಾಗ ಗುರುತು ಮಾಡಿಯಾಯಿತು, ಉಪಕಾರವಾಯಿತು. ರಿಗ್ಗರ್ ಸರ್, ಎರಡು ಪ್ರಶ್ನೆ ಉಳಿದಿವೆ. ನನ್ನ ಬಂಪರನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಶ್ಯಾಕಲ್ ತೂತುಗಳನ್ನು ಗ್ಯಾಸಿನಲ್ಲಿ ಕೊರೆದಿದ್ದಾರೆ. ಸಾಫ್ಟ್ ಶ್ಯಾಕಲ್ ನೇರವಾಗಿ ಹಾಕಬಹುದೇ? ಸಾಫ್ಟ್ ಶ್ಯಾಕಲ್ ಅನ್ನು ಮನೆಯಲ್ಲೇ ಹೆಣೆಯಬಹುದೇ?

ರಿಗ್ಗರ್, ಮಂಗಳೂರು

ಗುಂಡಿಯ ಸಲಹೆ ನನ್ನ ಉದ್ದನೆಯ ಉತ್ತರಕ್ಕಿಂತ ಬೆಲೆಯುಳ್ಳದ್ದು.

ತೂತಿನ ಅಂಚಿನ ಮೇಲೆ ಉಗುರು ಎಳೆದು ನೋಡಿ. ಸಿಕ್ಕಿಕೊಂಡರೆ ಹಾಕಬೇಡಿ. ಗ್ಯಾಸಿನಲ್ಲಿ ಕೊರೆದ ತೂತು ಎಂದ ಮೇಲೆ ಸಿಕ್ಕಿಕೊಳ್ಳುವುದು ಖಂಡಿತ. ಅಂಚನ್ನು ಗ್ರೈಂಡರಿನಲ್ಲಿ ಉರುಟಾಗಿಸಿ ಮರಳು ಕಾಗದ ಉಜ್ಜಿಸಬೇಕು. ಅಲ್ಲಿಯವರೆಗೆ ತೂತಿಗೆ ನಿಮ್ಮ ಉಕ್ಕಿನ ಬೋ ಶ್ಯಾಕಲ್ ಹಾಕಿ, ಅದರ ಉರುಟು ಬಿಲ್ಲಿಗೆ ಸಾಫ್ಟ್ ಶ್ಯಾಕಲ್ ಸಿಕ್ಕಿಸಿ. ತೂತಿಗಿಂತ ಮೊದಲು ಆ ಬಂಪರ್ ಷಾಸಿಗೆ ಯಾವ ಬೋಲ್ಟಿನಲ್ಲಿ ಕೂತಿದೆಯೆಂದು ನೋಡಿ. ಪಿಕಪ್ಪಿನ ಹಿಂದಿನ ಟೋ ಬಾಲ್‌ಗೆ (ಟ್ರೇಲರ್ ಸಿಕ್ಕಿಸುವ ಗುಂಡಿಗೆ) ಮಾತ್ರ ಏನನ್ನೂ ಕಟ್ಟಬೇಡಿ. ಅದು ಮುರಿದು ಹಾರಿ ಜನ ಸತ್ತಿದ್ದಾರೆ.

ಕೆಲಸ ಮುಗಿದ ಮೇಲೆ ಸಾಫ್ಟ್ ಶ್ಯಾಕಲ್ ಅನ್ನು ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿ, ನೆರಳಿನಲ್ಲಿ ಒಣಗಿಸಿ. ಮೇಲೆ ಜುಂಗು ಎದ್ದರೆ ಹೆದರಬೇಡಿ. ಎಳೆಯೊಂದು ಪೂರ್ತಿ ಕಡಿದಿದ್ದರೆ, ಕರಗಿ ಗಟ್ಟಿಯಾಗಿ ಹೊಳೆಯುವ ಮಚ್ಚೆ ಇದ್ದರೆ ಎಸೆಯಿರಿ.

ಹೆಣೆಯಬಹುದು, 12 ಎಳೆಯ ಟೊಳ್ಳು ಹಗ್ಗ ಬೇಕು. ಕಷ್ಟವಿರುವುದು ಕುಣಿಕೆಯನ್ನು ಹಿಡಿದಿಡುವ ತುದಿಯ ಡೈಮಂಡ್ ಗಂಟಿನಲ್ಲಿ: ನಾಲ್ಕೂ ಸುತ್ತು ಒಂದೇ ಸಮ ಬಿಗಿಯಾಗಬೇಕು, ಬಾಲ ಉದ್ದ ಬಿಡಬೇಕು, ಬಳಸುವ ಮೊದಲು ಜೋರಾಗಿ ಎಳೆದು ಗಂಟನ್ನು ಕೂರಿಸಬೇಕು. ಮೊದಲು ಹೆಣೆದದ್ದನ್ನು ಸಕಲೇಶಪುರದವರ ಗೇಟಿಗೆ ಕಳಿಸಿ, ಅವರ ಉಕ್ಕಿನ ಶ್ಯಾಕಲ್ ಬಿಡುಗಡೆಯಾಗಲಿ.