ಸ್ಟೀರಿಂಗ್ ಬಟನ್‌ಗಳು ಹೊಸ ಸ್ಟೀರಿಯೋ ಜೊತೆ ಕೆಲಸ ಮಾಡುತ್ತಿಲ್ಲ, ಅಂಗಡಿಯವರು ಆಗೋದೇ ಇಲ್ಲ ಅಂತಾರೆ

ಶಿರಾಡಿ_ಸವಾರ:

ಎಲ್ಲರಿಗೂ ನಮಸ್ಕಾರ. ನನ್ನದು 2015ರ ಸ್ವಿಫ್ಟ್, ಝಡ್‌ಎಕ್ಸ್‌ಐ. ಮ್ಯಾಪ್ ಮತ್ತು ರಿವರ್ಸ್ ಕ್ಯಾಮೆರಾ ಬೇಕು ಅಂತ ಹೋದ ತಿಂಗಳು 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಹಾಡು, ಕ್ಯಾಮೆರಾ, ಮ್ಯಾಪ್ ಎಲ್ಲ ಚೆನ್ನಾಗಿದೆ. ಆದರೆ ಸ್ಟೀರಿಂಗ್ ಮೇಲಿನ ಬಟನ್ ಒಂದೂ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ "ಅದು ಕಂಪನಿ ಸೆಟ್‌ಗೆ ಮಾತ್ರ, ಹೊರಗಡೆ ಸೆಟ್‌ಗೆ ಬರಲ್ಲ ಸಾರ್" ಅಂದುಬಿಟ್ಟರು.

ನಾನು ವಾರಕ್ಕೊಮ್ಮೆ ಹಾಸನದಿಂದ ಮಂಗಳೂರಿಗೆ ಹೋಗಿ ಬರುವವನು. ಶಿರಾಡಿ ಘಾಟಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮುಂದೆ ಟ್ಯಾಂಕರ್ ಹಿಂದೆ ಬಸ್ಸು ಇರುವಾಗ ಸದ್ದು ಕಡಿಮೆ ಮಾಡೋಕೆ ಪರದೆ ಕಡೆ ಕಣ್ಣು ಹಾಯಿಸುವುದು ನನಗೆ ನಿಜಕ್ಕೂ ಭಯ. ಹಳೆಯ ಸೆಟ್ಟಿನಲ್ಲಿ ಹೆಬ್ಬೆರಳು ಸಾಕಿತ್ತು. ಹೊಸ ಸೆಟ್ಟಿನಲ್ಲಿ ತಿರುಗಿಸುವ ಗುಂಡಿಯೂ ಇಲ್ಲ, ಎಲ್ಲ ಗಾಜಿನ ಮೇಲೆ ಮುಟ್ಟಿಯೇ ಆಗಬೇಕು. ನಿಜವಾಗಿಯೂ ದಾರಿ ಇಲ್ವಾ? ಯಾರಾದರೂ ಮಾಡಿಸಿಕೊಂಡಿದ್ದರೆ ಹೇಳಿ.

ಬೆಸುಗೆ_ಮೈಸೂರು:

ದಾರಿ ಇದೆ. ನಿಮ್ಮ ಗಾಡಿಗೆ ಸುಲಭವಾಗಿಯೇ ಇದೆ.

ಸ್ಟೀರಿಯೋ ಹೊರಗೆ ಎಳೆದು ಹಿಂದಿನ ವೈರ್ ಕಟ್ಟು ನೋಡಿ. ಕೀ 1, ಕೀ 2 ಅಂತ ಚೀಟಿ ಅಂಟಿಸಿದ ಎರಡು ತೆಳು ವೈರ್ ಇರುತ್ತವೆ. ಕೆಲವು ಸೆಟ್ಟಿನಲ್ಲಿ ಕೀ ಗ್ರೌಂಡ್ ಅಂತ ಮೂರನೆಯದೂ ಇರುತ್ತದೆ. ಹತ್ತರಲ್ಲಿ ಎಂಟು ಸಲ ನಾನು ನೋಡಿದ್ದು ಏನೆಂದರೆ, ಈ ವೈರ್‌ಗಳಿಗೆ ಟೇಪ್ ಸುತ್ತಿ ಹಾಗೇ ಒಳಗೆ ತುರುಕಿರುತ್ತಾರೆ. ಬಟನ್ ಕೆಟ್ಟಿರುವುದಿಲ್ಲ, ಸೆಟ್ಟೂ ಕೆಟ್ಟಿರುವುದಿಲ್ಲ, ಜೋಡಿಸಿಯೇ ಇರುವುದಿಲ್ಲ.

ಬಟನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಯಾರೂ ನಿಮಗೆ "ಬರಲ್ಲ" ಅಂತ ಹೇಳಿ ಕಳಿಸೋಕೆ ಆಗುವುದಿಲ್ಲ. ಸ್ವಿಫ್ಟ್‌ನಂಥ ಗಾಡಿಗಳಲ್ಲಿ ಪ್ರತಿ ಬಟನ್‌ಗೂ ಒಂದೊಂದು ವೈರ್ ಇಲ್ಲ. ಒಂದೇ ವೈರ್‌ನಲ್ಲಿ ಹಲವು ಬಟನ್. ಒಂದೊಂದು ಬಟನ್ ಹಿಂದೆಯೂ ಬೇರೆ ಬೇರೆ ಅಳತೆಯ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ. ಆ ತಡೆಯನ್ನು ಓಂನಲ್ಲಿ ಅಳೆಯುತ್ತಾರೆ. ಸ್ಟೀರಿಯೋ ಆ ವೈರ್‌ಗೆ ಒಳಗಿನಿಂದ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಅಥವಾ 3.3 ವೋಲ್ಟ್ ಕೊಟ್ಟಿರುತ್ತದೆ. ಬಟನ್ ಒತ್ತಿದಾಗ ವೋಲ್ಟೇಜ್ ಇಳಿಯುತ್ತದೆ, ಎಷ್ಟು ಇಳಿಯಿತು ಅನ್ನುವುದರ ಮೇಲೆ ಯಾವ ಬಟನ್ ಅಂತ ಸ್ಟೀರಿಯೋಗೆ ತಿಳಿಯುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಒಳಗೆ 1000 ಓಂ ಇದ್ದು 5 ವೋಲ್ಟ್ ಕೊಟ್ಟಿದ್ದರೆ, 220 ಓಂ ಬಟನ್ ಒತ್ತಿದಾಗ 0.9 ವೋಲ್ಟ್, 470 ಓಂ ಬಟನ್‌ಗೆ 1.6 ವೋಲ್ಟ್, 1000 ಓಂ ಬಟನ್‌ಗೆ 2.5 ವೋಲ್ಟ್. ಇಷ್ಟೇ ಇದರ ಒಳಗುಟ್ಟು.

ಈಗ ಮಾಡಬೇಕಾದ್ದು. ಗಾಡಿಯ ಕೀ ಆಫ್ ಮಾಡಿ. ಗಾಡಿ ಕಡೆಯ ಕಪ್ಲರನ್ನು (ವೈರ್ ಕಟ್ಟಿನ ತುದಿಯ ಪ್ಲಗ್) ಸ್ಟೀರಿಯೋದಿಂದ ಬಿಚ್ಚಿ. ಮಲ್ಟಿಮೀಟರನ್ನು 20 ಕಿಲೋ ಓಂಗೆ ಇಟ್ಟು ಒಂದು ಕಡ್ಡಿ ಗ್ರೌಂಡ್‌ಗೆ (ಬ್ಯಾಟರಿ ಮೈನಸ್‌ಗೆ ಸೇರಿದ ಗಾಡಿಯ ಲೋಹದ ಮೈಗೆ), ಇನ್ನೊಂದನ್ನು ಕಪ್ಲರ್‌ನ ಒಂದೊಂದೇ ಪಿನ್‌ಗೆ ಮುಟ್ಟಿಸಿ, ಪಕ್ಕದಲ್ಲಿ ಒಬ್ಬರಿಗೆ ಬಟನ್ ಒತ್ತೋಕೆ ಹೇಳಿ. ಯಾವ ಪಿನ್‌ನಲ್ಲಿ ಪ್ರತಿ ಬಟನ್‌ಗೂ ಬೇರೆ ಸಂಖ್ಯೆ ಬರುತ್ತದೋ ಅದೇ ನಿಮಗೆ ಬೇಕಾದ ವೈರ್. ಇಂಟರ್ನೆಟ್ಟಿನಲ್ಲಿ ವೈರ್ ಬಣ್ಣದ ಪಟ್ಟಿಗಳು ಸಿಗುತ್ತವೆ, ಆದರೆ ಒಂದೇ ಹೆಸರಿನ ಗಾಡಿಯಲ್ಲೂ ಬಣ್ಣ ಬದಲಾಗಿರಬಹುದು. ಮೀಟರ್ ಹೇಳಿದ್ದನ್ನು ನಂಬಿ, ಬಣ್ಣವನ್ನಲ್ಲ.

ಒಂದು ಮಾತು: ಗಾಡಿಯ ಮೂಲ ವೈರ್ ಕತ್ತರಿಸಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಗಾಡಿ ಹೆಸರು ಹೇಳಿದ ಕೂಡಲೇ ಸರಿಯಾದ ಕಪ್ಲರ್ ಕೊಡುತ್ತಾರೆ. ಜೋಡಣೆ ಏನಿದ್ದರೂ ಆ ಕಪ್ಲರ್ ಆಚೆ ಕಡೆ ಮಾಡಿ. ನಾಳೆ ಹಳೆ ಸೆಟ್ ವಾಪಸ್ ಹಾಕಬೇಕಾದರೆ ಎರಡು ನಿಮಿಷದ ಕೆಲಸ.

ಕರಾವಳಿ_ಚಕ್ರ:

ಮೇಲಿನವರು ಹೇಳಿದ್ದು ಪೂರ್ತಿ ಸರಿ. ನಾನು ಸೇರಿಸುವುದು ಒಂದೇ, ದಯವಿಟ್ಟು ಗಮನ ಕೊಟ್ಟು ಓದಿ. ಈ ಅಳತೆ ಎಲ್ಲ ಸ್ಟೀರಿಯೋ ಹಿಂದೆಯೇ ಮಾಡಿ. ಸ್ಟೀರಿಂಗ್ ಚಕ್ರ ಬಿಚ್ಚೋಕೆ ಹೋಗಬೇಡಿ, ಅದರ ಕೆಳಗಿನ ಹಳದಿ ಕಪ್ಲರ್ ಅಥವಾ ಹಳದಿ ಕೊಳವೆಯ ವೈರ್‌ಗೆ ಮೀಟರ್ ಕಡ್ಡಿ ಮುಟ್ಟಿಸಲೇಬೇಡಿ. ಅದು ಏರ್‌ಬ್ಯಾಗ್. ಮೀಟರ್ ಓಂ ಅಳೆಯುವಾಗ ತನ್ನ ಕಡೆಯಿಂದ ಸಣ್ಣ ಕರೆಂಟ್ ಹರಿಸುತ್ತದೆ, ಏರ್‌ಬ್ಯಾಗ್ ವೈರ್‌ಗೆ ಅಂಥ ಕರೆಂಟ್ ಹೋಗಲೇಬಾರದು.

ಇನ್ನೊಂದು, ಹಾರ್ನ್ ಆಗಾಗ ಕೈ ಕೊಡುತ್ತಿದ್ದರೆ ಅಥವಾ ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ತೊಂದರೆ ಸ್ಟೀರಿಯೋದ್ದಲ್ಲ. ಚಕ್ರ ತಿರುಗಿದಾಗ ವೈರ್ ಹರಿಯದೆ ಇರಲಿ ಅಂತ ಒಳಗೆ ಒಂದು ಸುರುಳಿ ಪಟ್ಟಿ ಇರುತ್ತದೆ, ಕ್ಲಾಕ್ ಸ್ಪ್ರಿಂಗ್ ಅನ್ನುತ್ತಾರೆ. ಹಾರ್ನ್, ಏರ್‌ಬ್ಯಾಗ್, ಬಟನ್ ಎಲ್ಲ ಅದರ ಮೂಲಕವೇ ಬರುತ್ತವೆ. ಅದು ಹರಿದಿದ್ದರೆ ಸರ್ವಿಸ್ ಸೆಂಟರ್‌ಗೇ ಹೋಗಿ.

ಶಿರಾಡಿ_ಸವಾರ:

ಇಬ್ಬರಿಗೂ ತುಂಬಾ ಧನ್ಯವಾದ. ಹಾರ್ನ್ ಚೆನ್ನಾಗಿದೆ, ಏರ್‌ಬ್ಯಾಗ್ ದೀಪವೂ ಇಲ್ಲ.

ಭಾನುವಾರ ತಮ್ಮನನ್ನು ಕೂರಿಸಿಕೊಂಡು ಬಿಚ್ಚಿದೆ. ನೀವು ಹೇಳಿದ ಹಾಗೇ ಕೀ 1, ಕೀ 2 ಎರಡಕ್ಕೂ ಟೇಪ್ ಸುತ್ತಿತ್ತು! ಮೀಟರ್ ಹಿಡಿದು ಹುಡುಕಿದಾಗ ಒಂದು ಪಿನ್‌ನಲ್ಲಿ ಬಟನ್‌ಗೊಂದು ಸಂಖ್ಯೆ ಬಂತು. ಕೀ 1ಕ್ಕೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಸ್ಟೀರಿಂಗ್ ಅನ್ನುವ ಜಾಗಕ್ಕೆ ಹೋಗಿ ಒಂದೊಂದೇ ಬಟನ್ ಕಲಿಸಿದೆ. ಮೊದಲ ಸಲ ಹೆಬ್ಬೆರಳಿನಲ್ಲಿ ಸದ್ದು ಏರಿದಾಗ ಆದ ಖುಷಿ ಹೇಳತೀರದು.

ಆದರೆ ಒಂದು ವಿಚಿತ್ರ. ಹಗಲು ಎಲ್ಲ ಸರಿ. ರಾತ್ರಿ ಹೆಡ್‌ಲೈಟ್ ಹಾಕಿ, ಹಾಡನ್ನು ಸ್ವಲ್ಪ ಜೋರಾಗಿ ಇಟ್ಟರೆ ಬಟನ್‌ಗಳು ಅದಲು ಬದಲಾಗುತ್ತವೆ. ಸದ್ದು ಕಡಿಮೆ ಮಾಡೋಕೆ ಒತ್ತಿದರೆ ಮುಂದಿನ ಹಾಡಿಗೆ ಹೋಗುತ್ತದೆ. ಮೂರು ಸಲ ಹೊಸದಾಗಿ ಕಲಿಸಿದೆ, ಮತ್ತೆ ಅದೇ. ಸೆಟ್ಟೇ ಕೆಟ್ಟಿದೆಯಾ?

ಬೆಸುಗೆ_ಮೈಸೂರು:

ಸೆಟ್ ಕೆಟ್ಟಿಲ್ಲ. ಇದು ಗ್ರೌಂಡ್ ತೊಂದರೆ, ನೀವು ಹೇಳಿದ "ಹೆಡ್‌ಲೈಟ್" ಮತ್ತು "ಜೋರಾಗಿ" ಅನ್ನುವ ಎರಡು ಮಾತಲ್ಲೇ ಉತ್ತರ ಇದೆ.

ಸ್ಟೀರಿಯೋ ವೋಲ್ಟೇಜ್ ಅಳೆಯುವುದು ತನ್ನ ಕಪ್ಪು ವೈರ್‌ಗೆ, ಅಂದರೆ ಗ್ರೌಂಡ್ ವೈರ್‌ಗೆ ಹೋಲಿಸಿ. ಬಟನ್‌ಗಳ ಗ್ರೌಂಡ್ ಗಾಡಿಯ ಬೇರೆ ಜಾಗದಲ್ಲಿದೆ. ಸ್ಟೀರಿಯೋದ ಕಪ್ಪು ವೈರ್ ಸಡಿಲವಾಗಿದ್ದರೆ, ಅಥವಾ ಡ್ಯಾಶ್‌ಬೋರ್ಡ್ ಒಳಗೆ ಬಣ್ಣ ಬಳಿದ ಪಟ್ಟಿಗೆ ಸುಮ್ನೆ ಸ್ಕ್ರೂ ಹಾಕಿದ್ದರೆ, ಜೋರಾಗಿ ಹಾಡಿದಾಗ ಹೆಚ್ಚು ಕರೆಂಟ್ ಹರಿದು ಆ ಜಾಗದಲ್ಲೇ ಒಂದಿಷ್ಟು ವೋಲ್ಟೇಜ್ ನಿಲ್ಲುತ್ತದೆ. ದೀಪಗಳ ಕರೆಂಟೂ ಅದೇ ಜಾಗದಿಂದ ಹೋಗುತ್ತಿದ್ದರೆ ಇನ್ನೂ ಜಾಸ್ತಿ. 1.6 ವೋಲ್ಟ್ ಬರಬೇಕಾದ ಬಟನ್ 1.2 ಆಗಿ ಕಾಣುತ್ತದೆ, 0.9ರ ಬಟನ್‌ಗೆ ಹತ್ತಿರ ಬಂತು ಅಲ್ವಾ, ಸೆಟ್ ಪಕ್ಕದ ಬಟನ್ ಅಂದುಕೊಳ್ಳುತ್ತದೆ. ಅದಕ್ಕೇ ಎಷ್ಟು ಸಲ ಕಲಿಸಿದರೂ ಪ್ರಯೋಜನ ಇಲ್ಲ.

ಪರೀಕ್ಷೆ ಸುಲಭ. ಎಂಜಿನ್ ಚಾಲು, ಹೆಡ್‌ಲೈಟ್ ಆನ್, ಹಾಡು ಜೋರು. ಮೀಟರ್ ವೋಲ್ಟ್‌ನಲ್ಲಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಸ್ಟೀರಿಯೋದ ಲೋಹದ ಮೈಗೆ. 0.1 ವೋಲ್ಟ್ ಒಳಗಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಗ್ರೌಂಡ್ ಹೊಸದಾಗಿ ಮಾಡಿ. ಬಣ್ಣ ಕೆರೆದು ಹೊಳೆಯುವ ಲೋಹ ಕಾಣಬೇಕು, ರಿಂಗ್ ಟರ್ಮಿನಲ್ ಒತ್ತಿ ಬೋಲ್ಟ್ ಬಿಗಿ ಮಾಡಿ. ಸೆಟ್ಟಿನಲ್ಲಿ ಕೀ ಗ್ರೌಂಡ್ ವೈರ್ ಇದ್ದು ಗಾಡಿ ಕಪ್ಲರ್‌ನಲ್ಲಿ ಬಟನ್‌ಗಳದ್ದೇ ಗ್ರೌಂಡ್ ಪಿನ್ ಸಿಕ್ಕರೆ ಅವೆರಡನ್ನೂ ಜೋಡಿಸಿ.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಕೆಲವು ಸೆಟ್ಟಿನಲ್ಲಿ ಒಳಗಿನ ರೆಸಿಸ್ಟರ್ 1000 ಬದಲು 10,000 ಓಂ ಇರುತ್ತದೆ. ಆಗ ಅದೇ 220 ಮತ್ತು 470 ಓಂ ಬಟನ್‌ಗಳು 0.11 ಮತ್ತು 0.22 ವೋಲ್ಟ್ ಆಗಿ ಬರುತ್ತವೆ. ನಡುವೆ ಅಂತರವೇ ಇಲ್ಲ. ಅಂಥ ಕಡೆ ಗ್ರೌಂಡ್ ಸರಿಯಿದ್ದರೂ ಬಟನ್ ಗಲಿಬಿಲಿ ಆಗುತ್ತದೆ. ಕೆಲವು ಸೆಟ್ಟಿನ ಸ್ಟೀರಿಂಗ್ ಮೆನುವಿನಲ್ಲೇ ಈ ಓಂ ಅಳತೆ ಬದಲಿಸುವ ಆಯ್ಕೆ ಇರುತ್ತದೆ, ಅದನ್ನು ಬದಲಿಸಿ ಮತ್ತೆ ಕಲಿಸಬೇಕು.

ಪೋಲೋ_ಹುಬ್ಬಳ್ಳಿ:

ನನ್ನ ಅನುಭವ ಬೇರೆ, ಹಂಚಿಕೊಳ್ಳಲೇಬೇಕು ಅನಿಸಿತು. ಪೋಲೋದಂಥ ಗಾಡಿ ಇರುವವರು ಮೇಲಿನದನ್ನು ಓದಿ ಮೀಟರ್ ಹಿಡಿದರೆ ಏನೂ ಸಿಗುವುದಿಲ್ಲ. ಅಲ್ಲಿ ಬಟನ್ ಒತ್ತಿದರೆ ಸ್ಟೀರಿಯೋ ಹಿಂದೆ ಓಂ ಬದಲಾಗುವುದಿಲ್ಲ. ಬಟನ್‌ನ ಸುದ್ದಿ ಡಿಜಿಟಲ್ ಸಂದೇಶವಾಗಿ, ಒಂದಕ್ಕೊಂದು ಹೆಣೆದ ಎರಡು ವೈರ್‌ನಲ್ಲಿ ಬರುತ್ತದೆ. ಕ್ಯಾನ್ ಬಸ್ ಅನ್ನುವುದು ಇದಕ್ಕೇ, 1986ರಲ್ಲಿ ಬಾಷ್ ಕಂಪನಿ ಹೊರತಂದ ಪದ್ಧತಿ. ಆ ಭಾಷೆಯನ್ನು ಸೆಟ್ಟಿಗೆ ತಿಳಿಯುವ ಹಾಗೆ ಮಾಡೋಕೆ ನಡುವೆ ಕ್ಯಾನ್ ಬಾಕ್ಸ್ ಅನ್ನುವ ಸಣ್ಣ ಡಬ್ಬಿ ಬೇಕು. ಡಬ್ಬಿ ಹಾಕಿದ ಮೇಲೆ ಸೆಟ್ಟಿನ ಫ್ಯಾಕ್ಟರಿ ಸೆಟ್ಟಿಂಗ್ಸ್‌ಗೆ ಹೋಗಿ ಡಬ್ಬಿ ಯಾವುದು, ಗಾಡಿ ಯಾವುದು ಅಂತ ಆರಿಸಬೇಕು. ತಪ್ಪು ಆರಿಸಿದರೆ ಬಟನ್ ಸತ್ತ ಹಾಗೇ ಇರುತ್ತವೆ.

ನನಗೆ ಸೆಟ್ ಹಾಕಿಕೊಟ್ಟ ಅಂಗಡಿಯವರು ಡಬ್ಬಿ ಹಾಕಲಿಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಪೋಲೋದಲ್ಲಿ ಸ್ಟೀರಿಯೋ ಕಪ್ಲರ್‌ಗೆ ಕೀ ಆನ್ ಮಾಡಿದಾಗ ಮಾತ್ರ ಬರುವ ಕರೆಂಟ್ ವೈರ್ ಇಲ್ಲ, ಕೀ ಆನ್ ಆದ ಸುದ್ದಿಯೂ ಕ್ಯಾನ್‌ನಲ್ಲೇ ಬರುತ್ತದೆ. ಅವರು ಆ ವೈರ್ ಹುಡುಕಿ ಸಿಗದೆ, ಸೆಟ್ಟಿನ ಕೆಂಪು (ಕೀ ಆನ್ ಕರೆಂಟಿನದು) ಮತ್ತು ಹಳದಿ (ಸದಾ ಕರೆಂಟಿನದು) ವೈರ್ ಎರಡನ್ನೂ ಸೇರಿಸಿ ಸದಾ ಕರೆಂಟ್ ಇರುವ ಪಿನ್‌ಗೆ ಕೊಟ್ಟಿದ್ದರು. ಮೂರು ದಿನ ಧಾರವಾಡದಲ್ಲಿ ಗಾಡಿ ನಿಲ್ಲಿಸಿ ಬಂದೆ, ವಾಪಸ್ ಹೋದಾಗ ಬ್ಯಾಟರಿ ಪೂರ್ತಿ ಖಾಲಿ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು ಅವತ್ತು. ಆ ಸಿಟ್ಟು ಇನ್ನೂ ಇದೆ.

ಆಮೇಲೆ ಅಳೆದು ನೋಡಿದರೆ ಗಾಡಿ ಲಾಕ್ ಆದ ಮೇಲೂ 350 ಮಿಲಿಆಂಪ್ ಹರಿಯುತ್ತಿತ್ತು. 50ರ ಒಳಗಿರಬೇಕು ಅನ್ನುವುದು ರೂಢಿ. ಮೂರು ದಿನಕ್ಕೆ ಲೆಕ್ಕ ಹಾಕಿ, 25 ಆಂಪ್ ಅವರ್ ಹೋಯಿತು. ಅಳೆಯುವವರು ಮೀಟರನ್ನು 10 ಆಂಪ್ ತೂತಿಗೆ ಹಾಕಿ, ಬ್ಯಾಟರಿ ಮೈನಸ್ ಮತ್ತು ಅದರ ಕೇಬಲ್ ನಡುವೆ ಸೇರಿಸಿ, ಬಾಗಿಲು ಲಾಕ್ ಮಾಡಿ, ಗಾಡಿಯ ಎಲೆಕ್ಟ್ರಾನಿಕ್ಸ್ ಎಲ್ಲ ಮಲಗುವ ತನಕ ಅರ್ಧ ಗಂಟೆಯಾದರೂ ಕಾಯಿರಿ. ಮೀಟರ್ ನಡುವೆ ಇರುವಾಗ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಸರಿಯಾದ ಕ್ಯಾನ್ ಬಾಕ್ಸ್ ಹಾಕಿಸಿದ ಮೇಲೆ ಎರಡೂ ತೊಂದರೆ ಒಟ್ಟಿಗೇ ಹೋಯಿತು. ಬಟನ್ ಬಂತು, ಬ್ಯಾಟರಿ ಉಳಿಯಿತು.

ಹಳೆ_ಹಾಡು:

ನನ್ನದು ಹಳೆಯ ಐ20, ಹಾಕಿರುವುದು ಪಯೋನಿಯರ್ ಸೆಟ್. ಆಂಡ್ರಾಯ್ಡ್ ಅಲ್ಲ. ಕೀ 1 ಅಂತ ವೈರೇ ಕಾಣುತ್ತಿಲ್ಲ. ನನಗೆ ಏನು ದಾರಿ?

ಬೆಸುಗೆ_ಮೈಸೂರು:

ಹಿಂದೆ ವೈರ್ಡ್ ರಿಮೋಟ್ ಅಂತ ಬರೆದ 3.5 ಮಿ.ಮೀ. ತೂತು ಇದೆಯಾ ನೋಡಿ, ಹೆಡ್‌ಫೋನ್ ತೂತಿನ ಹಾಗೆ ಇರುತ್ತದೆ. ಅದಕ್ಕೆ ಗಾಡಿಯ ವೈರ್ ನೇರವಾಗಿ ಕೊಡೋಕೆ ಆಗುವುದಿಲ್ಲ, ಪಯೋನಿಯರ್ ಕೇಳುವ ಓಂ ಅಳತೆಗಳೇ ಬೇರೆ. ನಡುವೆ ಭಾಷೆ ಬದಲಿಸುವ ಅಡಾಪ್ಟರ್ ಬೇಕು. ಮೆಟ್ರಾದವರ ಆಕ್ಸೆಸ್ ಎಎಸ್‌ಡಬ್ಲ್ಯೂಸಿ-1 ಅಂಥದ್ದು, ರೆಸಿಸ್ಟರ್ ಇರುವ ಗಾಡಿಗೂ ಡಿಜಿಟಲ್ ಗಾಡಿಗೂ ಆಗುತ್ತದೆ. ಕೆನ್‌ವುಡ್, ಜೆವಿಸಿ ಸೆಟ್ ಆದರೆ ತೂತಿನ ಬದಲು ಸ್ಟೀರಿಂಗ್ ರಿಮೋಟ್ ಅಂತ ಬರೆದ ತಿಳಿನೀಲಿ ಹಳದಿ ವೈರ್ ಇರುತ್ತದೆ. ತೂತೂ ಇಲ್ಲ ವೈರೂ ಇಲ್ಲ ಅಂದರೆ ಆ ಸೆಟ್ಟಿಗೆ ನಿಜವಾಗಿಯೂ ಆಗುವುದಿಲ್ಲ, ದುಡ್ಡು ಹಾಕಬೇಡಿ.

ಶಿರಾಡಿ_ಸವಾರ:

ಸರಿಹೋಯಿತು! ಅಳೆದಾಗ 0.42 ವೋಲ್ಟ್ ತೋರಿಸಿತು. ಕಪ್ಪು ವೈರನ್ನು ಹಿಡಿದು ಹೋದರೆ, ಬಣ್ಣ ಬಳಿದ ಪಟ್ಟಿಗೆ ಪ್ಲಾಸ್ಟಿಕ್ ಕವಚದ ಸ್ಕ್ರೂ ಜೊತೆ ಸೇರಿಸಿ ತಿರುಪಿದ್ದರು. ಮರಳು ಕಾಗದದಲ್ಲಿ ಬಣ್ಣ ತೆಗೆದು, ರಿಂಗ್ ಟರ್ಮಿನಲ್ ಹಾಕಿ ಬೇರೆ ಬೋಲ್ಟ್‌ಗೆ ಬಿಗಿ ಮಾಡಿದೆ. ಈಗ 0.03. ಬಟನ್‌ಗಳನ್ನು ಇನ್ನೊಮ್ಮೆ ಕಲಿಸಿದೆ. ಮೋಡ್ ಬಟನ್ ಒತ್ತಿ ಹಿಡಿದರೆ ಮ್ಯಾಪ್ ಬರುವ ಹಾಗೂ ಮಾಡಿಕೊಂಡೆ, ಅದು ಹಳೆ ಸೆಟ್ಟಿನಲ್ಲಿ ಇರಲೇ ಇಲ್ಲ.

ನಿನ್ನೆ ರಾತ್ರಿ ಸಕಲೇಶಪುರ ದಾಟಿ ಘಾಟಿ ಇಳಿದೆ. ಮಂಜು, ಮಳೆ, ಎರಡೂ ಇತ್ತು. ಗುಂಡ್ಯದ ತನಕ ಒಂದು ಸಲವೂ ಕೈ ಚಕ್ರ ಬಿಡಲಿಲ್ಲ. ಪೋಲೋದವರ ಮಾತು ಓದಿ ಇವತ್ತು ಬೆಳಗ್ಗೆ ನನ್ನ ಗಾಡಿಯ ಬ್ಯಾಟರಿ ಹರಿವನ್ನೂ ಅಳೆದೆ, 28 ಮಿಲಿಆಂಪ್ ಬಂತು.