ಟಚ್‌ಅಪ್ ಪೇಂಟ್ ದಪ್ಪಗೆ ಕೂತುಬಿಟ್ಟಿದೆ, ತೆಗೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾರಿನ ಪೇಂಟ್ ಕೆಲಸ ಗೊತ್ತಿರೋರು ದಯವಿಟ್ಟು ಸಹಾಯ ಮಾಡಿ.

ಹಿಂದಿನ ಬಾಗಿಲಿಗೆ ಗೇಟಿನ ಚಿಲಕ ತಾಗಿ ಎರಡಿಂಚು ಗೀರು ಬಿದ್ದಿತ್ತು. ಬಣ್ಣದ ಕೋಡ್ ನೋಡಿ ಟಚ್‌ಅಪ್ ಬಾಟಲಿ ತರಿಸಿ ಭಾನುವಾರ ನಾನೇ ಹಚ್ಚಿದೆ. ಅದರ ಬ್ರಷ್ಷೋ ಉಗುರುಬಣ್ಣದ ಬ್ರಷ್ ಥರ ದಪ್ಪ. ಗೀರಿಗಿಂತ ಅಕ್ಕಪಕ್ಕಕ್ಕೇ ಜಾಸ್ತಿ ಹೋಯ್ತು. ಈಗ ಸಿಲ್ವರ್ ಬಾಗಿಲ ಮೇಲೆ ಜಿಗಣೆ ಅಂಟಿದ ಹಾಗೆ ಕಾಣ್ತಿದೆ. "ಗೀರೇ ಚೆನ್ನಾಗಿತ್ತು" ಅಂದಳು ಹೆಂಡತಿ. ಸುಳ್ಳಲ್ಲ.

ಹಚ್ಚಿ ಆರು ದಿನ ಆಯ್ತು. ಪಕ್ಕದ ಮನೆಯವರು ಥಿನ್ನರ್ ಹಾಕಿ ಒರೆಸು ಅಂತಾರೆ. ಅದು ಗೀರೊಳಗಿನ ಬಣ್ಣವನ್ನೂ ಎಳ್ಕೊಂಡು ಬರುತ್ತೆ, ಬಣ್ಣದ ಮೇಲಿರೋ ಪಾರದರ್ಶಕ ಹೊಳಪಿನ ಪದರ, ಅಂದ್ರೆ ಕ್ಲಿಯರ್ ಕೋಟನ್ನೂ ಮಂಕು ಮಾಡಬಹುದು ಅಂತ ನನಗೆ ಭಯ. ಆ ಪದರ ಇರೋದೇ ಸುಮಾರು 40-50 ಮೈಕ್ರಾನ್, ಕೂದಲೆಳೆಗಿಂತ ತೆಳು. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಉಜ್ಜಿದೆ. ಅಂಚು ಸ್ವಲ್ಪ ಬಿಟ್ಟಿತು, ನಡುವಿನ ಉಬ್ಬು ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ.

ಉಳಿದಿರೋದು ವಾಟರ್ ಪೇಪರ್, ಅಂದ್ರೆ ನೀರಲ್ಲಿ ನೆನೆಸಿ ಉಜ್ಜೋ ನಯವಾದ ಉಪ್ಪುಕಾಗದ. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, 2000, ಆಮೇಲೆ ಇನ್ನೂ ನಯವಾದ 3000 ಗ್ರಿಟ್ ಕಾಗದವನ್ನು ಸೋಪು ನೀರಲ್ಲಿ ನೆನೆಸಿ, ಪುಟ್ಟ ರಬ್ಬರ್ ತುಂಡಿಗೆ ಸುತ್ತಿ ಉಬ್ಬನ್ನಷ್ಟೇ ಸವೆಸೋದು, ಕೊನೆಗೆ ಕಾಂಪೌಂಡ್ (ಉಜ್ಜಿ ಹೊಳಪು ತರೋ ಪೇಸ್ಟ್) ಹಾಕಿ ಪಾಲಿಶ್. ಸ್ವಂತ ಕೈಯಾರೆ ಮಾಡಿದವರಿದ್ದೀರಾ? ಎಲ್ಲಿ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ? ಇನ್ನೂ ಎರಡು ವಾರ ಒಣಗಲು ಬಿಡಲಾ? ಮಿನುಗೋ ಲೋಹದ ಕಣಗಳಿರೋ ಮೆಟಾಲಿಕ್ ಬಣ್ಣ ಬೇರೆ, ಉಜ್ಜಿದ್ರೆ ಶೇಡ್ ಬದಲಾಗುತ್ತಾ?

ಗ್ಯಾರೇಜಲ್ಲಿ ಕೇಳಿದ್ರೆ ಇಡೀ ಬಾಗಿಲಿಗೇ ಪೇಂಟ್ ಹೊಡೀಬೇಕು ಅಂತಾರೆ. ಎರಡಿಂಚು ಗೀರಿಗೆ ಅಷ್ಟು ದುಡ್ಡು ಸುರಿಯೋಕೆ ಮನಸ್ಸಿಲ್ಲ.