ಲೀನ್, ಸಿಕ್ಸ್ ಸಿಗ್ಮಾ, ಟಿಒಸಿ: ಮೂರನ್ನೂ ಸೇರಿಸೋದಾದ್ರೆ ಎಲ್ಲಿಂದ ಶುರು?

ಶಾಫ್ಟ್_ಪೀಣ್ಯ:
ಸಣ್ಣ ಜಾಬ್ ಶಾಪ್. 6 ಸಿಎನ್‌ಸಿ ಲೇತ್, ಒಂದೇ ಸಿಲಿಂಡ್ರಿಕಲ್ ಗ್ರೈಂಡಿಂಗ್ ಮಷಿನ್. ಮುಖ್ಯ ಐಟಂ ಇಎನ್8 (ಮಧ್ಯಮ ಕಾರ್ಬನ್ ಉಕ್ಕು) ಪಿನ್, ವ್ಯಾಸ 20 ಮಿ.ಮೀ., ಟಾಲರೆನ್ಸ್ (ಸೈಜಿನಲ್ಲಿ ಒಪ್ಪೋ ವ್ಯತ್ಯಾಸ) ಎಚ್6 (h6). ಪೀಸಿಗೆ ದರ 85 ರೂ., ಮೆಟೀರಿಯಲ್ 32 ರೂ. ಗ್ರೈಂಡಿಂಗ್ ಸೈಕಲ್ 2 ನಿಮಿಷ 15 ಸೆಕೆಂಡ್. ಎರಡು ಶಿಫ್ಟಿಗೆ 900 ನಿಮಿಷ ಸಿಗುತ್ತೆ, ಅದರಲ್ಲಿ 180 ನಿಮಿಷ ಸೆಟಿಂಗ್ (ಮುಂದಿನ ಜಾಬಿಗೆ ಮಷಿನ್ ಹೊಂದಿಸೋದು), ಡ್ರೆಸ್ಸಿಂಗಿಗೇ (ಗ್ರೈಂಡಿಂಗ್ ವೀಲ್ ಮುಖ ಸರಿಮಾಡೋದು) ಹೋಗುತ್ತೆ. ದಿನಕ್ಕೆ 256 ಪೀಸ್, ಅದರಲ್ಲಿ 16 ರಿಜೆಕ್ಟ್. ಗ್ರೈಂಡಿಂಗ್ ಮುಂದೆ ಯಾವಾಗಲೂ 3,600 ಪೀಸ್ ಬಿದ್ದಿರುತ್ತೆ. ಸಿಎನ್‌ಸಿ ಸೆಟಿಂಗ್ ಎರಡೂವರೆ ಗಂಟೆಯಿಂದ 50 ನಿಮಿಷಕ್ಕೆ ಇಳಿದರೂ ಬಿಲ್ಲಿಂಗ್ ಅಲ್ಲೇ ಇದೆ. ಆರ್ಡರ್‌ಗೆ ಕೊರತೆ ಇಲ್ಲ. ಲೀನ್ (ದಂಡ ಕೆಲಸ ತೆಗೆಯೋದು), ಸಿಕ್ಸ್ ಸಿಗ್ಮಾ (ಏರಿಳಿತ ಕಮ್ಮಿ ಮಾಡೋದು), ಟಿಒಸಿ (ಎಲ್ಲವನ್ನೂ ತಡೆಹಿಡಿಯೋ ಹಂತವನ್ನ ಮೊದಲು ಸರಿಮಾಡೋದು) ಎಲ್ಲ ಒಟ್ಟಿಗೆ ಶುರು ಮಾಡಿ ಅಂತಾರೆ ಕನ್ಸಲ್ಟೆಂಟ್. ಯಾವುದು ಮೊದಲು?

ಡ್ರಮ್_ಹಗ್ಗ:
ಉತ್ತರ ನಿಮ್ಮ ಪೋಸ್ಟ್‌ನಲ್ಲೇ ಇದೆ: ಆ 3,600 ಪೀಸ್. ಟಿಒಸಿ ರೂಪಿಸಿದ ಗೋಲ್ಡ್‌ರಾಟ್ ಹೇಳಿದ ಕನ್‌ಸ್ಟ್ರೈಂಟ್, ಅಂದ್ರೆ ಇಡೀ ಶಾಪಿನ ವೇಗವನ್ನ ಕಟ್ಟಿಹಾಕೋ ಹಂತ, ನಿಮ್ಮಲ್ಲಿ ಗ್ರೈಂಡಿಂಗ್. ಸಿಎನ್‌ಸಿಯಲ್ಲಿ ಉಳಿಸಿದ ನೂರು ನಿಮಿಷ ಆ ರಾಶಿಗೆ ಇನ್ನಷ್ಟು ಪೀಸ್ ಸೇರಿಸಿತು, ಅಷ್ಟೇ.

ಗ್ರೈಂಡಿಂಗ್ ಒಇಇ (ಮಷಿನ್ ಒಟ್ಟಾರೆ ಎಷ್ಟು ಬಳಕೆಯಾಗ್ತಿದೆ ಅನ್ನೋ ಅಳತೆ) ಲೆಕ್ಕ ಹಾಕಿ. ಲಭ್ಯತೆ 720/900, ಅಂದ್ರೆ 80%. 720 ನಿಮಿಷದಲ್ಲಿ 320 ಪೀಸ್ ಬರಬೇಕು, ಬಂದದ್ದು 256, ಅಲ್ಲೂ 80%. ಕ್ವಾಲಿಟಿ 240/256, 93.75%. ಮೂರನ್ನೂ ಗುಣಿಸಿದ್ರೆ 60%. ಎಲ್ಲರ ಕಣ್ಣೂ ರಿಜೆಕ್ಷನ್ ಮೇಲಿರುತ್ತೆ, ಆದರೆ ಅದಕ್ಕಿಂತ ದೊಡ್ಡ ಸೋರಿಕೆ ಆ ಕಾಣೆಯಾದ 64 ಪೀಸ್.

ಅದಕ್ಕೆ ಮೊದಲ ಅನುಮಾನ ಗ್ರೈಂಡಿಂಗ್ ಅಲೋಯನ್ಸ್ (ಗ್ರೈಂಡಿಂಗಿಗೆ ಅಂತ ಬಿಡೋ ಹೆಚ್ಚುವರಿ ದಪ್ಪ) ಮೇಲೆ. ಲೇತಿನವರು 'ಸೇಫ್ಟಿಗೆ ಇರಲಿ' ಅಂತ ವ್ಯಾಸದಲ್ಲಿ ಅರ್ಧ ಮಿ.ಮೀ. ಬಿಟ್ಟಿರ್ತಾರೆ, ಅದನ್ನೆಲ್ಲ ವೀಲ್ ಸವೆಸಬೇಕು. 0.25ರಿಂದ 0.30 ಮಿ.ಮೀ. ಒಳಗೆ ಕಟ್ಟಿ, ಲೇತಿನ ಹತ್ತಿರವೇ ಗೋ–ನೋಗೋ ಸ್ನ್ಯಾಪ್ ಗೇಜ್ (ಸೈಜ್ ಮಿತಿಯೊಳಗಿದೆಯಾ ಅಂತ ತಕ್ಷಣ ತೋರಿಸೋದು) ಇಡಿ. ಮಿತಿ ಮೀರಿದ ಪೀಸ್ ಗ್ರೈಂಡಿಂಗಿಗೆ ಹೋಗಬಾರದು, ವಾಪಸ್ ಲೇತಿಗೆ.

ಆಮೇಲೆ ಹಗ್ಗ ಕಟ್ಟಿ, ಅಂದ್ರೆ ಹೊಸ ಕೆಲಸ ಬಿಡೋದನ್ನ ಗ್ರೈಂಡಿಂಗ್ ವೇಗಕ್ಕೆ ಜೋಡಿಸಿ. ಗ್ರೈಂಡಿಂಗ್ ಮುಂದೆ ಮೂರು ದಿನದ ಬಫರ್, ಸುಮಾರು 770 ಪೀಸ್, ಸಾಕು. ಅದು ಕಮ್ಮಿಯಾದಷ್ಟೇ ಹೊಸ ಬಾರ್ ಕಟಿಂಗಿಗೆ ಬಿಡಿ. ಕಾಯುವ ಕಾಲ 14 ದಿನದಿಂದ 3ಕ್ಕೆ ಬರುತ್ತೆ, ಮೆಟೀರಿಯಲ್ ಲೆಕ್ಕದಲ್ಲೇ ಸುಮಾರು 90 ಸಾವಿರ ರೂ. ಕೈಗೆ ವಾಪಸ್. ಸಿಎನ್‌ಸಿ ಖಾಲಿ ನಿಂತರೆ ನಿಲ್ಲಲಿ. ಉಳಿಸಿದ ಸೆಟಿಂಗ್ ಸಮಯವನ್ನು ಬ್ಯಾಚ್ ಚಿಕ್ಕದು ಮಾಡೋಕೆ ಬಳಸಿ, ಆಗ ಮಾಡಿದ ಕೆಲಸ ದಂಡವಾಗಲ್ಲ.

ಮೈಕ್ರಾನ್:
ಮೇಲಿನದು ಸರಿ. ಲೀನ್‌ನ ಎಸ್ಎಂಇಡಿ (ಸೆಟಿಂಗ್ ಸಮಯ ಇಳಿಸೋದು), 5ಎಸ್ (ಜಾಗ ಅಚ್ಚುಕಟ್ಟು ಮಾಡೋದು) ಎರಡನ್ನೂ ಗ್ರೈಂಡಿಂಗ್ ಮಷಿನ್ ಸುತ್ತ ನಾಲ್ಕಡಿಯಲ್ಲಿ ಮಾಡಿ ಸಾಕು: ಮುಂದಿನ ಜಾಬ್‌ನ ಪೀಸ್ ಹಿಡಿಯೋ ಕ್ಯಾರಿಯರ್, ಸೆಂಟರ್, ಸೆಟಿಂಗ್ ಮಾಸ್ಟರ್ (ಗೇಜ್ ಹೊಂದಿಸೋ ನಿಖರ ಸೈಜಿನ ಪೀಸ್) ಮೊದಲೇ ಟ್ರೇಯಲ್ಲಿ, ಇನ್ನೊಂದು ಫ್ಲ್ಯಾಂಜ್ ಮೇಲೆ ವೀಲ್ ಬ್ಯಾಲೆನ್ಸ್ ಆಗಿ ಸಿದ್ಧ.

ಸಿಕ್ಸ್ ಸಿಗ್ಮಾ ಬರೋದು ಆ 16 ಪೀಸಿಗೆ. ಆದರೆ ಚಾರ್ಟ್ (ಸೈಜಿನ ಏರಿಳಿತದ ನಕ್ಷೆ) ಬರೆಯೋ ಮೊದಲು ಅಳತೆಯನ್ನೇ ಅಳೆಯಿರಿ. 20 ಎಚ್6 ಅಂದ್ರೆ 20.000ರಿಂದ 19.987, ಒಟ್ಟು 13 ಮೈಕ್ರಾನ್ (0.013 ಮಿ.ಮೀ.). 0.01 ಮಿ.ಮೀ. ಲೀಸ್ಟ್ ಕೌಂಟಿನ ಮೈಕ್ರೋಮೀಟರ್ ಇಲ್ಲಿ ಕುರುಡು. ಏರ್ ಗೇಜ್ ಅಥವಾ 1 ಮೈಕ್ರಾನ್ ಕಂಪ್ಯಾರೇಟರ್ ಬೇಕು. 10 ಪೀಸ್, 3 ಜನ, ತಲಾ 3 ಸಲ; ಗೇಜ್ ಆರ್&ಆರ್ (ಅಳೆಯೋದರಲ್ಲೇ ಆಗೋ ವ್ಯತ್ಯಾಸ) 30% ದಾಟಿದ್ರೆ ಆ ಡೇಟಾ ಕಸದ ಬುಟ್ಟಿಗೆ.

ಎರಡನೇದು ಬಿಸಿ. ಉಕ್ಕು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತೆ. ಪೀಸ್ ಮಾಸ್ಟರ್‌ಗಿಂತ 15 ಡಿಗ್ರಿ ಬಿಸಿ ಇದ್ರೆ 20 ಮಿ.ಮೀ.ಗೆ ಹತ್ತತ್ರ 3.5 ಮೈಕ್ರಾನ್, ಟಾಲರೆನ್ಸಿನ ಕಾಲು ಭಾಗ. ಮಷಿನ್ ಹತ್ತಿರ 19.988 ಅಂತ ಓಕೆ ಆದ ಪೀಸ್ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಅಂಡರ್‌ಸೈಜ್. ಆಪರೇಟರ್, ಇನ್‌ಸ್ಪೆಕ್ಟರ್ ಜಗಳಕ್ಕೆ ಇದೇ ಮೂಲ, ಇಬ್ಬರೂ ಸುಳ್ಳು ಹೇಳ್ತಿರಲ್ಲ. ಮಾಸ್ಟರನ್ನು ಅದೇ ಕೂಲೆಂಟ್‌ನಲ್ಲಿ ಇಟ್ಟು ಗೇಜ್ ಸೆಟ್ ಮಾಡಿ.

ಸಿಪಿಕೆ (ಟಾಲರೆನ್ಸ್ ಒಳಗೆ ನಿಲ್ಲೋ ಸಾಮರ್ಥ್ಯ) 1.33 ಬೇಕಂದ್ರೆ ಸಿಗ್ಮಾ (ಸೈಜ್ ಎಷ್ಟು ಹರಡಿದೆ ಅನ್ನೋ ಅಳತೆ) 1.6 ಮೈಕ್ರಾನ್ ಒಳಗಿರಬೇಕು, ಅದೂ ಸರಾಸರಿ ಸರಿಯಾಗಿ ಮಧ್ಯದಲ್ಲಿದ್ರೆ. ಪ್ರತಿ ಪೀಸಿಗೂ ಆಫ್‌ಸೆಟ್ (ಮಷಿನ್‌ನ ಸೈಜ್ ತಿದ್ದುಪಡಿ) ಮುಟ್ಟೋ ಚಾಳಿ ಬಿಡಿಸಿ, ಅದು ಏರಿಳಿತವನ್ನ ಹೆಚ್ಚಿಸುತ್ತೆ. ಗಂಟೆಗೆ 5 ಪೀಸ್ ಚಾರ್ಟಿಗೆ ಹಾಕಿ. ವೀಲ್ ಸವೆದಂತೆ ಸೈಜ್ ಮೇಲಕ್ಕೆ ಹೋಗಿ, ಸರಿಮಾಡಿದಾಗ ಕೆಳಗಿಳಿದು ಗರಗಸದ ಹಲ್ಲಿನ ಹಾಗೆ ಕಾಣುತ್ತೆ. ಎಷ್ಟು ಪೀಸಿಗೆ ಆಫ್‌ಸೆಟ್ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಲೆಕ್ಕದ_ವಹಿ:
ದುಡ್ಡಿನ ವಿಷಯ. ಲೇತಿನಲ್ಲಿ ಒಂದು ಪೀಸ್ ಹೋದ್ರೆ ನಷ್ಟ 32 ರೂ. ಗ್ರೈಂಡಿಂಗ್ ಆದಮೇಲೆ ಹೋದ್ರೆ ಇಡೀ 85, ಯಾಕಂದ್ರೆ ಆ ಎರಡೂಕಾಲು ನಿಮಿಷ ಮತ್ತೆ ಸಿಗಲ್ಲ. ರಿಜೆಕ್ಷನ್ 16ರಿಂದ 8ಕ್ಕೆ ಇಳಿದ್ರೆ 25 ದಿನದ ತಿಂಗಳಿಗೆ 17,000 ರೂ. ದಿನಕ್ಕೆ 20 ಒಳ್ಳೆ ಪೀಸ್ ಹೆಚ್ಚು ಬಂದ್ರೆ, ಪೀಸಿಗೆ 53ರಂತೆ (85ರಲ್ಲಿ ಮೆಟೀರಿಯಲ್ 32 ಕಳೆದು) 26,500.

ಯಾರೂ ಹೇಳದ ಒಂದು ತೊಡಕು: ಲೇತಿನವರಿಗೆ ಪೀಸ್ ಲೆಕ್ಕದ ಇನ್ಸೆಂಟಿವ್ ಇದ್ರೆ ಹಗ್ಗ ಒಂದು ವಾರವೂ ನಿಲ್ಲಲ್ಲ. ಮೊದಲು ಅದನ್ನ ಡಿಸ್ಪ್ಯಾಚ್ ಆದ ಪೀಸಿಗೆ ಬದಲಾಯಿಸಿ. ಕನ್ಸಲ್ಟೆಂಟ್ ಫೀಸಿಗೆ ಎಂಎಸ್‌ಎಂಇ ಸಚಿವಾಲಯದ ಲೀನ್ ಯೋಜನೆ ನೋಡಿ, 2023ರಲ್ಲಿ ಹೊಸದಾಗಿ ಬಂದದ್ದು. 90% ಸರ್ಕಾರ ಕೊಡುತ್ತೆ, ಉದ್ಯಮ್ ನೋಂದಣಿ ಇರಬೇಕು.

ಶಾಫ್ಟ್_ಪೀಣ್ಯ:
ಅಲೋಯನ್ಸ್ 0.25ಕ್ಕೆ ತಂದ್ರೆ ಕೆಲವು ಪೀಸಲ್ಲಿ ಒಂದು ಬದಿ ಟರ್ನಿಂಗ್ ಮಾರ್ಕ್ ಉಳಿದುಬಿಡುತ್ತಲ್ಲ?

ಮೈಕ್ರಾನ್:
ಅದು ರನ್‌ಔಟ್, ಅಂದ್ರೆ ಪೀಸ್ ಓಲಾಡುತ್ತಾ ತಿರುಗೋದು. ಎರಡನೇ ತುದಿಗೆ ಪೀಸ್ ತಿರುಗಿಸಿ ಹಿಡಿದಾಗ ಸೆಂಟರ್ ಓರೆಯಾಗಿರುತ್ತೆ. ಸಾಫ್ಟ್ ಜಾ (ಚಕ್‌ನ ಮೆತ್ತನೆ ಹಿಡಿಕೆ) ಅದೇ ಸೈಜಿಗೆ ಬೋರ್ ಮಾಡಿ ಹಿಡಿಯಿರಿ, ಸೆಂಟರ್ ಬಾಯಿಯ ಬರ್ (ಅಂಚಿನ ಚೂಪು) ತೆಗೆಯಿರಿ. ಎರಡು ಸೆಂಟರ್ ನಡುವೆ ಪೀಸ್ ಹಿಡಿದು ಡಯಲ್ ಗೇಜ್ ಹಾಕಿ ತಿರುಗಿಸಿ. ಒಟ್ಟು ರೀಡಿಂಗ್ 0.15 ದಾಟಿದ ಪೀಸನ್ನ ಗ್ರೈಂಡಿಂಗಿಗೆ ಬಿಡಬೇಡಿ. ಇದು ಸರಿಯಾಗೋವರೆಗೆ ಅಲೋಯನ್ಸ್ 0.35ರಲ್ಲೇ ಇರಲಿ.